ಸಾಕ್ಷಿಯೊಳಗ ಬಿಟ್ಟುಹೋದ ಹನ್ನೊಂದು ತಿಂಗಳು

ಹಿರೇಕೆರೂರ
3 ಮಾರ್ಚ್ 2025, ಸೋಮವಾರ

ದೊಡ್ಡವ್ವಗ ಸವಿತಾ ಮಾಡೋ ವಂದನೆ.

ಕಾಗದ ನೋಡಿ ಗಾಬರಿ ಆಗಬ್ಯಾಡ. ಈಗಿನ ಕಾಲದಾಗ ಅಂಚೆಯೊಳಗ ಕಾಗದ ಬಂತಂದ್ರ ಯಾರೋ ಹೋದ್ರು ಅಂತ ತಿಳಕೊಂಡು ಎದಿ ಮ್ಯಾಲ ಕೈ ಇಟ್ಕೊಳ್ಳೋ ಪೈಕಿ ನೀ, ಗೊತ್ತೈತಿ ನನಗ. ಎಲ್ಲಾರೂ ಆರಾಮ ಅದೇವಿ. ನನ್ನ ಮೊಬೈಲ್ ಬಚ್ಚಲದಾಗ ನೀರಿಗೆ ಬಿದ್ದು ಕೆಟ್ಟು ಕುಂತೈತಿ, ಅಷ್ಟ. ನಿನ್ನ ಅಳಿಯಾರ ಫೋನಿಗೆ ಮಾಡಬ್ಯಾಡ. ಗೋದಾಮಿನ್ಯಾಗ ಬೀಜದ ಚೀಲ ಇಳಿಸೋ ಗದ್ದಲ, ಕೆಲಸದ ನಡುವ ಫೋನ್ ಬಂದ್ರ ಅವರಿಗೆ ಸಿಟ್ಟು ಬರತೈತಿ. ಬರಿಯೋದಿದ್ರ ಹಿಂದಿನ ಓಣಿ ಫರ್ಜಾನಾನ ಟೇಲರ್ ಅಂಗಡಿ ವಿಳಾಸಕ್ಕ ಬರಿ. ನಮ್ಮ ಮನಿಗೆ ಹಗಲೆಲ್ಲಾ ಕೀಲಿ ಇರತೈತಿ, ಪೋಸ್ಟಮನ್ ತಿರುಗಿ ಹೋಗ್ತಾನ.

ಫರ್ಜಾನಾ ನನಗ ಮೂರು ತುಂಬುತೋಳಿನ ಕುಪ್ಪಸ ಹೊಲಿದು ಕೊಟ್ಟಾಳ. ಬ್ಯಾಸಗಿಯೊಳಗ ತುಂಬುತೋಳು ಯಾಕಬೇ ಅಂತಿ ನೀ. ಈಗ ಅದ ಫ್ಯಾಷನ್.

ನಿನ್ನ ಮೊಮ್ಮಗಳು ಕೃಪಾ ಒಂದನೇತ್ತಾ ಮುಗಿಸಾಕ ಬಂದಾಳ. ಕ್ರಿಸ್ಮಸ್ಸಿಗೆ ನಿನ್ನ ಕೂಡ ಸವಣೂರಿಗೆ ಹೋಗಿ ಮರಿಯಮಬಿ ಅಜ್ಜಿಗೆ ಕರ್ಚಿಕಾಯಿ ತಾಟು ಕೊಟ್ಟು ಬಂದದ್ದು ಇನ್ನೂ ಹೇಳ್ತಾಳ. ಪ್ರತಿ ವರ್ಷ ಮೊದಲನೇ ತಾಟು ಅವರಿಗೇ ಯಾಕ ಅಂತ ಕೇಳಿದ್ಲು. ನಾ ಅಕಿಯಷ್ಟಾಕಿ ಇದ್ದಾಗ ನಾನೂ ಕೇಳಿದ್ದೆ. ಹಳೇ ಗೆಳತಿ ಅಂದು ಮಾತು ಮುರದಿದ್ದಿ. ನಾನೂ ಹಂಗ ಅಂದೆ.

ನಾಡಿದ್ದಿಂದ ಶ್ರಮೆಯ ನಲವತ್ತು ಉಪವಾಸದ ದಿನ ಹತ್ತಾವ. ಸಭೆಯೊಳಗ ಹೇಳೋ ನಿನ್ನ ಸಾಕ್ಷಿ ಒಮ್ಮೆ ಬರದು ಕಳಸು. ಮನಿಪ್ರಾರ್ಥನೆಯೊಳಗ ಕೇಳಿ ಕೇಳಿ ಬಾಯಿಪಾಠ ಆಗೈತಿ ಖರೆ, ಆದ್ರ ಒಂದೆರಡು ಕಡೆ ಎಳಿ ತಪ್ಪತೈತಿ. ಒಟ್ಟು ಎಷ್ಟು ವರ್ಷ ತಾಳಿದಿ? ದೊಡ್ಡಪ್ಪ ಕೈ ಎತ್ತಿದಾಗ ಬಾಯಾಗ ಏನು ಪ್ರಾರ್ಥನೆ ಇರ್ತಿತ್ತು? ಎದುರು ಮಾತಾಡ್ತಿದ್ದ್ಯೋ, ಸುಮ್ಮನ ಇರ್ತಿದ್ದ್ಯೋ? ಲಗೂನ ಬರಿ.

ಮುಂಗೈ ಉಳುಕೈತಿ, ಅಕ್ಷರ ಸೊಟ್ಟ ಬಂದಾವ. ನಗಬ್ಯಾಡ.

ನಿನ್ನ ಮಗಳು,
ಸವಿತಾ


ಶಿಗ್ಗಾಂವ
9 ಮಾರ್ಚ್ 2025, ರವಿವಾರ

ಕರ್ತನಲ್ಲಿ ಪ್ರಿಯಳಾದ ಮಗಳು ಸವಿತಾಗ ದೊಡ್ಡವ್ವ ಮಾರ್ಥಾ ಮಾಡೋ ಆಶೀರ್ವಾದ.

ನಿನ್ನ ಕಾಗದ ಓದಿ ಒಬ್ಬಾಕೇ ನಕ್ಕೇನಿ. ನನಗ ಹೇಳಲಾರದ ಮುಚ್ಚಿಟ್ಟರ ಗೊತ್ತಾಗೂದಿಲ್ಲೇನು? ಅಲ್ಲಿ ಸ್ತ್ರೀಯರ ಕೂಟದಾಗ ನಿನ್ನ ಮಾತಾಡಾಕ ಹಚ್ಯಾರ. ದೊಡ್ಡವ್ವನ ಸಾಕ್ಷಿ ಹೇಳಿ ಚಪ್ಪಾಳಿ ಹೊಡಿಸಿಕೊಳ್ಳೋ ವಿಚಾರ ನಿಂದು. ಹೊಡಿಸ್ಕೊ. ಐದು ವರ್ಷದ ಕೂಸಿದ್ದಾಗ ನಿನ್ನವ್ವ, ನನ್ನ ತಂಗಿ, ನಿನ್ನ ನನ್ನ ಉಡಿಯಾಗ ಹಾಕಿ ಹೋದ್ಲು. ಅವತ್ತಿಂದ ನಿನ್ನ ಹೊಟ್ಟಿಯೊಳಗಿನ ಮಾತು ನನಗ ನೀ ಹೇಳೂದ ಬ್ಯಾಡ.

ಮೊಬೈಲ್ ಬಚ್ಚಲಕ್ಕ ಯಾಕ ಒಯ್ದಿ? ಅಂಗನವಾಡಿಯೊಳಗ ಮೂವತ್ತು ವರ್ಷ ಹುಡುಗರನ್ನ ಕಾದೇನಿ, ನಿನ್ನಂಥಾ ಅವಸರಗೇಡಿ ಇನ್ನೊಬ್ಬಾಕಿ ಸಿಗಲಿಲ್ಲ. ಕೈಗೆ ಅರಿಷಿಣ ಬಿಸಿ ಮಾಡಿ ಹಚ್ಚು.

ಸಾಕ್ಷಿ ಬರದೇನಿ. ಹಿಂಗ ಓದು, ನಡುವ ನಿನ್ನ ಮಾತು ಸೇರಿಸಬ್ಯಾಡ:

"ನಾನು ಮಾರ್ಥಾ ಫಕ್ಕೀರಪ್ಪ. ಮದುವೆಯಾಗಿ ಒಂದು ವರ್ಷಕ್ಕೆ ನನ್ನ ಯಜಮಾನರು ಕುಡಿತಕ್ಕೂ ಕೋಪಕ್ಕೂ ವಶರಾದರು. ಏಳು ವರ್ಷ ಏಟು ತಿಂದೆನು, ಬಾಯಿ ತೆರೆಯಲಿಲ್ಲ. ಇದೇ ನನ್ನ ಶಿಲುಬೆ ಎಂದು ಹೊತ್ತೆನು. ಪ್ರತಿ ಮುಂಜಾನೆ ಮೊಣಕಾಲೂರಿ ಅವರಿಗಾಗಿ ಅತ್ತೆನು. ಕರ್ತನು ನನಗೆ ಮಕ್ಕಳನ್ನು ಕೊಡಲಿಲ್ಲ, ಕೃಪೆಯನ್ನು ಕೊಟ್ಟನು. ಏಳು ವರ್ಷ ತುಂಬಿದಾಗ ಆತನೇ ನನ್ನ ಯಜಮಾನರ ಕಲ್ಲೆದೆಯನ್ನು ಕರಗಿಸಿದನು. ಅಂದಿನಿಂದ ಅವರು ಸಾಯುವ ತನಕ ನನ್ನ ಮೇಲೆ ಕೈ ಎತ್ತಲಿಲ್ಲ. ತಾಳಿದವಳಿಗೆ ಕಿರೀಟವುಂಟು."

ಅಷ್ಟ. ನಾ ಇದನ್ನ ಹೇಳಿದಾಗ ಕಣ್ಣೀರು ಹಾಕಲಾರದ ಹೆಣಮಗಳು ಇಲ್ಲ. ನಿನಗ ಗೊತ್ತೈತಿ, ನಿನ್ನ ದೊಡ್ಡಪ್ಪ ನಿನ್ನ ಸೈಕಲ್ ಮುಂದಿನ ದಂಡಿ ಮ್ಯಾಲ ಕುಂದ್ರಿಸಿಕೊಂಡು ಸಾಲಿಗೆ ಒಯ್ಯೋವಾಗ ಎಂಥಾ ಮೆತ್ತಗಿನ ಮನುಷ್ಯಾ ಆಗಿದ್ರು. ಅವರು ಹೋಗಿ ಒಂಬತ್ತು ವರ್ಷಾತು.

ಇನ್ನೊಂದು ಸುದ್ದಿ. ಶುಭ ಶುಕ್ರವಾರ ಯೇಸುಸ್ವಾಮಿ ಶಿಲುಬಿ ಮ್ಯಾಲ ಆಡಿದ ಏಳು ಮಾತಿನ ಮ್ಯಾಲ ಸಭೆಯೊಳಗ ಮಾತಾಡಾಕ ಏಳು ಮಂದಿನ್ನ ಆರಿಸ್ಯಾರ. ಮೊದಲನೇ ಮಾತು, ತಂದೆಯೇ ಇವರನ್ನ ಕ್ಷಮಿಸು ಅನ್ನೋದು, ನನಗ ಬಂದೈತಿ. ಹೆಣ್ಣುಮಗಳಿಗೆ ಮೊದಲನೇ ಮಾತು ಕೊಟ್ಟದ್ದು ನಮ್ಮ ಸಭೆಯೊಳಗ ಇದ ಮೊದಲು. ಅಳಿಯಾಗ ಹೇಳು.

ದೊಡ್ಡವ್ವ


ಹಿರೇಕೆರೂರ
16 ಮಾರ್ಚ್ 2025, ರವಿವಾರ

ದೊಡ್ಡವ್ವಗ ವಂದನೆ.

ಕೂಟದಾಗ ಹೇಳಾಕಲ್ಲ. ನನಗ ಬೇಕಾಗಿತ್ತು.

ಇದನ್ನ ಬರಿಯಾಕ ಮೂರು ಕಾಗದ ಹರದೇನಿ. ಮೊಬೈಲ್ ನೀರಿಗೆ ಬಿದ್ದಿಲ್ಲ, ಗ್ವಾಡಿಗೆ ಬಿದ್ದೈತಿ. ಅದಕ್ಕೂ ಮೊದಲ ನಿನ್ನ ಅಳಿಯಾರು ದಿನಾ ಯಾರ ಕೂಡ ಎಷ್ಟು ಹೊತ್ತು ಮಾತಾಡೇನಿ ಅಂತ ತಗದು ನೋಡ್ತಿದ್ರು. ಕೈ ತಾನ ಉಳುಕಿದ್ದಲ್ಲ. ತುಂಬುತೋಳು ಫ್ಯಾಷನ್ನಿಗೆ ಅಲ್ಲ. ಕೃಪಾಗ ಎರಡು ವರ್ಷ ತುಂಬೋ ಹೊತ್ತಿಗೆ ಸುರು ಆತು. ನಾಲ್ಕು ವರ್ಷ ಮುಗದಾವ. ಅವರು ಕುಡಿಯೂದಿಲ್ಲ ದೊಡ್ಡವ್ವ. ಕುಡದಿದ್ರ ಕುಡದು ಮಾಡಿದ್ರು ಅಂತ ಅಂದುಕೊಳ್ಳಾಕರ ಬರ್ತಿತ್ತು.

ಆದಿತ್ಯವಾರ ಸಭೆಯೊಳಗ ಹಾರ್ಮೋನಿಯಂ ಅವರದ. ಆ ಬೆರಳು ಓಡೋದು ನೋಡಿ ಎಲ್ಲಾರೂ ಆಹಾ ಅಂತಾರ. ನಾ ಆ ಬೆರಳ ನೋಡಿಕೋತ ಕುಂದರ್ತೇನಿ, ನನಗ ಕೀರ್ತನೆ ಕೇಳಸೂದಿಲ್ಲ.

ನಮ್ಮ ಸಭಾಪಾಲಕರ ಹೆಂಡತಿ ಮುಂದ ಒಮ್ಮೆ ಬಾಯಿ ಬಿಟ್ಟಿದ್ದೆ. ನೀ ಶಿಗ್ಗಾಂವದ ಮಾರ್ಥವ್ವನ ಮಗಳಲ್ಲೇನವಾ, ಅವರ ಸಾಕ್ಷಿಕಿಂತ ದೊಡ್ಡ ಔಷಧ ನಾ ಏನು ಕೊಡ್ಲಿ ಅಂದ್ರು. ಜನವರಿಯೊಳಗ ಒಂದಿನ ಕೃಪಾನ ಕರಕೊಂಡು ಬಸ್ ಹತ್ತಿ ಶಿಗ್ಗಾಂವ ಸ್ಟ್ಯಾಂಡಿನ ತನಕಾ ಬಂದಿದ್ದೆ. ಆ ಹಣ್ಣಿನ ಗಾಡಿ ಎದುರಿಗಿನ ಬೆಂಚಿನ ಮ್ಯಾಲ ಎರಡು ತಾಸು ಕುಂತೇವಿ. ನಿನ್ನ ಮನಿ ಹತ್ತು ನಿಮಿಷದ ದಾರಿ. ನೀ ಏಳು ವರ್ಷ ತಾಳಿದಾಕಿ, ನಾ ನಾಲ್ಕಕ್ಕ ಓಡಿ ಬಂದೆ ಅಂತ ಯಾವ ಮಾರಿ ತಗೊಂಡು ನಿನ್ನ ಬಾಗಲಕ್ಕ ಬರ್ಲಿ? ಕೃಪಾಗ ಒಂದು ಬಾಳೆಹಣ್ಣು ಕೊಡಿಸಿ ತಿರುಗಿ ಬಂದೇವಿ. ಆವತ್ತಿಂದ ನನ್ನ ಆಧಾರ್ ಕಾರ್ಡ್ ಅವರ ಕಪಾಟಿನ್ಯಾಗ ಐತಿ.

ಇನ್ನ ಮೂರು ವರ್ಷ ಅಂತ ಲೆಕ್ಕಾ ಹಿಡದೇನಿ. ಒಂದ ಚಿಂತಿ. ನೀ ದೊಡ್ಡಪ್ಪನ ಸಲುವಾಗಿ ಅತ್ತಿ ಅಂತಿ. ನನಗ ಇವರ ಸಲುವಾಗಿ ಅಳು ಬರೂದಿಲ್ಲ, ನನ್ನ ಸಲುವಾಗಿ ಬರತೈತಿ. ಹಂಗಾದ್ರ ನನ್ನ ನೋವು ಶಿಲುಬಿ ಅನ್ನಿಸಿಕೊಳ್ಳತೈತೋ ಇಲ್ಲೋ? ಅದೊಂದು ತಿಳಿಸಿ ಬರಿ.

ಸವಿತಾ


ಶಿಗ್ಗಾಂವ
21 ಮಾರ್ಚ್ 2025, ಶುಕ್ರವಾರ

ಮಗಳೇ ಸವಿತಾ,

ನಿನ್ನ ಕಾಗದ ಮತ್ತ ಮತ್ತ ಓದಿದೆ. ಶಿಗ್ಗಾಂವದ ತನಕಾ ಬಂದು ಹೋದೆಲ್ಲಾ, ಎಂಥಾಕಿ ನೀ. ದಿನಾ ಆ ಸ್ಟ್ಯಾಂಡಿನ ಮುಂದನ ಕಾಯಿಪಲ್ಲೆಕ್ಕ ಹೋಗ್ತೇನಿ ನಾ.

ನೀ ಅವಗ ಎದುರು ಮಾತಾಡಬ್ಯಾಡ. ಊಟದ ಹೊತ್ತಿಗೆ ಸರಿಯಾಗಿ ಬಡಿಸು, ಕೃಪಾನ ಗದ್ದಲ ಮಾಡಗೊಡಬ್ಯಾಡ. ಪ್ರಾರ್ಥನೆ ಬಿಡಬ್ಯಾಡ. ನೀ ಕೇಳಿದ ಪ್ರಶ್ನೆಕ್ಕ ಉತ್ತರಾ ಇನ್ನೊಮ್ಮೆ ಬರೀತೇನಿ, ಈಗ ಮನಸು ನೆಟ್ಟಗಿಲ್ಲ.

ತಡಿಲಾರದ ನಿನ್ನೆ ಅಳಿಯಾ ಸುಭಾಸಗ ಫೋನ್ ಹಚ್ಚಿದೆ. ಹೆದರಬ್ಯಾಡ, ನಿನ್ನ ಕಾಗದದ ಸುದ್ದಿ ಎತ್ತಲಿಲ್ಲ. ಮಗಳ ಕೈ ಉಳುಕೈತಂತಲ್ಲಪ್ಪಾ, ಭಾರ ಎತ್ತಿಸಬ್ಯಾಡ ಅಂದೆ, ಅಷ್ಟ. ಎಷ್ಟು ಮೆತ್ತಗ ಮಾತಾಡಿದಾ. ಆತ್ರಿ ಅವ್ವಾರ, ನಮ್ಮ ಸಲುವಾಗಿ ಪ್ರಾರ್ಥನೆ ಮಾಡ್ರಿ ಅಂದ. ಅವನ ದನಿಯಾಗ ನನಗ ಪಶ್ಚಾತ್ತಾಪ ಕೇಳಿಸ್ತು. ಕರ್ತ ಕೆಲಸ ಸುರು ಮಾಡ್ಯಾನ ಅನ್ನಸಾಕತ್ತೈತಿ.

ದೊಡ್ಡವ್ವ


ಹಿರೇಕೆರೂರ
30 ಮಾರ್ಚ್ 2025, ರವಿವಾರ

ದೊಡ್ಡವ್ವ,

ಅಕ್ಷರ ಫರ್ಜಾನಾಂದು, ಮಾತು ನಂದು. ಬಲಗೈಗೆ ಮೊಣಕೈ ತನಕಾ ಪ್ಲಾಸ್ಟರ್ ಹಾಕ್ಯಾರ.

ಮೊಬೈಲ್ ಇಲ್ಲ, ಮನಿ ಬಿಟ್ಟು ಹೋಗಿಲ್ಲ, ಕೈ ಉಳುಕಿದ್ದು ನಿನ್ನ ದೊಡ್ಡವ್ವಗ ಹ್ಯಾಂಗ ಗೊತ್ತಾತು ಅಂತ ನಿನ್ನ ಫೋನ್ ಬಂದ ಮ್ಯಾಲ ಅವರು ಕೇಳಿದ್ರು. ಅಷ್ಟ ಸಾಕಾತು. ಊರಿಂದ ಸಂತಿಗೆ ಬಂದಾಕಿ ಕೈಯಾಗ ಹೇಳಿ ಕಳಿಸಿದ್ದೆ ಅಂದೆ. ಫರ್ಜಾನಾನ ಹೆಸರು ಬಾಯಿ ಬಿಡಲಿಲ್ಲ. ದವಾಖಾನಿಯೊಳಗ ಬಚ್ಚಲ ಕಲ್ಲಿನ ಮ್ಯಾಲ ಜಾರಿ ಬಿದ್ದೆ ಅಂತ ಬರಸೇನಿ. ಅವರು ಬಾಜೂಕ ನಿಂತು ಡಾಕ್ಟರಿಗೆ ಎಲ್ಲಾ ಭಾಳ ಕಾಳಜಿಲೆ ಕೇಳಿಕೊಂಡ್ರು.

ನಿನ್ನ ಮ್ಯಾಲ ಸಿಟ್ಟಿಲ್ಲ. ನೀ ಒಳ್ಳೇದಕ್ಕ ಮಾಡಿದಿ.

ಕೃಪಾನ ಸುದ್ದಿ ಹೇಳಬೇಕು. ನಿನ್ನೆ ಅಕಿ ಗೊಂಬಿ ತಗೊಂಡು ಆಡಾಕತ್ತಿದ್ಲು. ಗೊಂಬಿನ್ನ ಮೊಣಕಾಲೂರಿಸಿ ಕುಂದ್ರಿಸಿ, ಬೆನ್ನ ಮ್ಯಾಲ ಕೈಯಿಂದ ಬಡದು, ತಾಳ್ಕೋ, ತಾಳ್ಕೋ, ಕಿರೀಟ ಕೊಡ್ತಾರ ಅನ್ನಾಕತ್ತಿದ್ಲು. ಯಾರು ಕಲಿಸಿದ್ರವಾ ಅಂದೆ. ಮಾರ್ಥಜ್ಜಿ ಅಂದ್ಲು. ಕ್ರಿಸ್ಮಸ್ಸಿನಾಗ ನೀ ಸಾಕ್ಷಿ ಹೇಳೋವಾಗ ನಿನ್ನ ತೊಡಿ ಮ್ಯಾಲ ಕುಂತಿದ್ಲಲ್ಲ.

ಇದನ್ನ ಕಂಡ ಮ್ಯಾಲ ನನಗ ಕುಂತಲ್ಲಿ ಕುಂದ್ರಾಕಾಗವಲ್ದು, ನಿಂತಲ್ಲಿ ನಿಂದ್ರಾಕಾಗವಲ್ದು. ಅಡಿಗಿ ಮನಿಯಿಂದ ಪಡಸಾಲಿಗೆ ಬರೀ ತಿರಗತೇನಿ. ನೀ ಪ್ರತಿ ಸಲ ಏಳು ವರ್ಷ ಅಂತಿ, ಆಮ್ಯಾಲ ಕರಗಿದ್ರು ಅಂತಿ. ನಡುವ ಒಂದಿನ ಇರಬೇಕಲ್ಲ, ದೊಡ್ಡಪ್ಪ ನಿಲ್ಲಿಸಿದ ದಿನ. ಆ ದಿನ ಏನಾತು? ನೀ ಏನಂದಿ, ಅವರು ಏನಂದ್ರು? ಇಪ್ಪತ್ತೈದು ವರ್ಷದಾಗ ಆ ದಿನದ ಸುದ್ದಿ ನೀ ಒಮ್ಮೆನೂ ಹೇಳಿಲ್ಲ. ಅದನ್ನ ಬರಿ. ಬ್ಯಾರೆ ಏನೂ ಬರಿಬ್ಯಾಡ.

ಸವಿತಾ


ಶಿಗ್ಗಾಂವ
3 ಏಪ್ರಿಲ್ 2025, ಗುರುವಾರ

ಸವಿತಾ,

ನಿನ್ನ ಕೈ ನಾ ಮುರದೇನಿ. ಅವಂದೊಂದು ಪಾಲು, ನಂದೊಂದು ಪಾಲು. ಇದನ್ನ ಮೊದಲು ಬರದು ಮುಂದಿಂದು ಬರೀತೇನಿ, ಇಲ್ಲಂದ್ರ ಮತ್ತ ಮನಸು ತಪ್ಪಿಸಿಕೊಳ್ಳತೈತಿ.

ಹಂಗೊಂದು ದಿನ ಇಲ್ಲ. ನಾ ಬಿಟ್ಟು ಹೋದೆ.

ಎಂಬತ್ತೆಂಟನೇ ಇಸವಿ. ನಾ ಆರು ತಿಂಗಳ ಬಸುರಿ ಇದ್ದೆ. ಕರ್ತ ಮಕ್ಕಳನ್ನ ಕೊಡಲಿಲ್ಲ ಅಂತ ಹೇಳಿಕೋತ ಬಂದೇನಲ್ಲ, ಕೊಟ್ಟಿದ್ದ. ನಿನ್ನ ದೊಡ್ಡಪ್ಪ ಒದ್ದ ಒದಿಕಿಗೆ ಹೋತು. ಗಂಡು ಕೂಸು. ಆಮ್ಯಾಲ ಆಗಲಿಲ್ಲ. ದವಾಖಾನಿಯಿಂದ ಮನಿಗೆ ಬಂದ ನಾಲ್ಕನೇ ದಿನ ಅವರು ಸಾರಿಗೆ ಉಪ್ಪಿಲ್ಲ ಅಂತ ಗಂಗಾಳ ಒಗದ್ರು. ನಾ ಗಂಗಾಳ ಎತ್ತಿಟ್ಟೆ, ಕೈ ತೊಳಕೊಂಡೆ, ಮುಂಜಾನೆ ಹತ್ತೂವರಿ ಸವಣೂರ ಬಸ್ಸಿಗೆ ಹತ್ತಿದೆ. ಪ್ರಾರ್ಥನೆ ಮಾಡಲಿಲ್ಲ, ಅಳಲಿಲ್ಲ. ಸವಣೂರಿಗೆ ಯಾಕಂದ್ರ ಮರಿಯಮಬಿ ನನ್ನ ಕೂಡ ಏಳನೇತ್ತಾ ತನಕಾ ಕಲಿತಾಕಿ, ಮತ್ತ ಅಕಿ ಒಬ್ಬಾಕೇ ನನ್ನ ನೋಡಿ ತಾಳ್ಕೋ ಅಂದಿರಲಿಲ್ಲ.

ಹನ್ನೊಂದು ತಿಂಗಳು ಅವರ ಎಲಿತೋಟದ ಮನಿಯೊಳಗ ಇದ್ದೆ. ಅಕಿ ಕೂಡ ಕುಂತು ವೀಳ್ಯದೆಲಿ ಆರಿಸಿ ಕಟ್ಟು ಕಟ್ಟಿದೆ. ಎಂಟನೇ ತಿಂಗಳಿಗೆ ನಿನ್ನ ದೊಡ್ಡಪ್ಪ ಆಗಿನ ಸಭಾಪಾಲಕರನ್ನ ಕರಕೊಂಡು ಬಂದ್ರು. ನಾ ಹೊರಗ ಬರಲಿಲ್ಲ. ಮರಿಯಮಬಿ ಗಂಡ ಬಾಬಾಜಾನ ಕಟ್ಟಿ ಮ್ಯಾಲ ಕುಂತು ಅಂದ್ರಂತ, ಫಕ್ಕೀರಪ್ಪ, ಆದಿತ್ಯವಾರಕ್ಕೊಮ್ಮೆ ಬಾ, ಚಾ ಕುಡಿ, ಏನು ಹೇಳೂದೈತಿ ನಮ್ಮ ಮುಂದ ಹೇಳು, ಅಕಿ ಬರ್ತೇನಿ ಅಂದ ದಿನಾ ಕರಕೊಂಡು ಹೋಗು. ಮೂರು ತಿಂಗಳು ಆದಿತ್ಯವಾರಕ್ಕೊಮ್ಮೆ ಶಿಗ್ಗಾಂವದಿಂದ ಸೈಕಲ್ ಹೊಡಕೊಂಡು ಬಂದ್ರು. ಒಂದಿನ ಅಂಗಳದಾಗ ನಿಂತು, ನಾ ಹೊಡದೇನಿ, ನನ್ನ ಕೂಸು ನನ್ನ ಕಾಲಿನಿಂದ ಹೋತು ಅಂತ ಎಲ್ಲಾರ ಮುಂದ ಅಂದ್ರು. ಕುಡಿಯೂದು ಅದಕ್ಕೂ ಮೊದಲ ಬಿಟ್ಟಿದ್ರು. ಆವಾಗ ಬಂದೆ. ಮುಂದಿನ ಮನುಷ್ಯಾನ್ನ ನೀ ಕಂಡೀದಿ. ಅವರು ಕರಗಿದ್ದು ಖರೆ. ನಾ ತಾಳಿದ್ದಕ್ಕ ಅಲ್ಲ, ನಾ ಎದ್ದು ಹೋದದ್ದಕ್ಕ.

ತಿರುಗಿ ಬಂದ ಮ್ಯಾಲ ಸಭಾಪಾಲಕರು ಸಾಕ್ಷಿ ಹೇಳಾಕ ಹಚ್ಚಿದ್ರು. ಬಿಟ್ಟು ಹೋದದ್ದು ಬ್ಯಾಡವಾ, ಬಾಕಿ ಹೆಣ್ಮಕ್ಕಳು ಎಡವ್ತಾರ ಅಂದ್ರು. ಮೊದಲನೇ ಸಲ ಹೇಳೋವಾಗ ನಾಲಿಗಿ ಒಣಗಿತ್ತು. ಎರಡನೇ ಸಲ ಸಸಾರ ಆತು. ಹತ್ತನೇ ಸಲಕ್ಕ ನನಗೂ ಅದ ಖರೆ ಅನ್ನಸ್ತು. ಮಂದಿ ಅಳತಿದ್ರು, ಕೈ ಹಿಡಿತಿದ್ರು, ಅದು ರುಚಿ ಹತ್ತಿತು. ನಿನ್ನ ದೊಡ್ಡಪ್ಪ ಸಾಯೋ ಮುಂದ ಕೇಳಿದ್ರು, ಸಾಕ್ಷಿಯೊಳಗ ಸವಣೂರ ಯಾಕ ಬಿಡ್ತಿ ಮಾರ್ಥಾ, ನನ್ನ ಉಳಿಸಿದ್ದ ಅದು ಅಂತ. ಅವರಿಗಿದ್ದ ಧೈರ್ಯ ನನಗಿರಲಿಲ್ಲ.

ನೀ ಕೇಳಿದ್ದಿ, ನಿನ್ನ ನೋವು ಶಿಲುಬಿ ಆಗತೈತೋ ಇಲ್ಲೋ ಅಂತ. ಯೇಸುಸ್ವಾಮಿ ತನ್ನ ಪ್ರಾಣ ತಾನ ಕೊಟ್ಟ, ಯಾರೂ ಕಸಗೊಳ್ಳಲಿಲ್ಲ ಅಂತ ತಾನ ಹೇಳ್ಯಾನ. ನನ್ನಿಂದ ಕಸಗೊಂಡ್ರು. ಕಸಗೊಂಡಿದ್ದಕ್ಕ ನಾ ಕಾಣಿಕಿ ಅಂತ ಹೆಸರಿಟ್ಟೆ. ಮತ್ತ ನಜರೇತದ ಮಂದಿ ಗುಡ್ಡದ ಅಂಚಿಂದ ದಬ್ಬಾಕ ಹೋದಾಗ ಅವರ ನಡುವಿಂದನ ಹಾದು ತನ್ನ ದಾರಿ ಹಿಡದು ಹೋದ. ಆವತ್ತು ತಾಳ್ತೇನಿ ಅಂತ ನಿಂದ್ರಲಿಲ್ಲ. ಆ ವಾಕ್ಯದ ಮ್ಯಾಲ ಯಾರೂ ಪ್ರಸಂಗ ಮಾಡಿದ್ದು ನಾ ಇಷ್ಟು ವರ್ಷದಾಗ ಕೇಳಿಲ್ಲ.

ಮಗಳೇ, ಬಾ. ಶಿಗ್ಗಾಂವಕ್ಕ ಬರಬ್ಯಾಡ, ಅಂವ ಮೊದಲು ಇಲ್ಲೇ ಹುಡುಕ್ತಾನ. ಹಾನಗಲ್ಲ ಬಸ್ ಹತ್ತು, ಅಲ್ಲಿಂದ ಬಂಕಾಪುರಕ್ಕ ಬಾ, ಸವಣೂರಿಗೆ ಬಸ್ ಸಿಗತೈತಿ. ಆಧಾರ್ ಇಲ್ಲಂದ್ರ ಫ್ರೀ ಟಿಕೆಟ್ ಕೊಡೂದಿಲ್ಲ, ಅದಕ್ಕ ಈ ಕಾಗದದ ನಡುವ ನೋಟು ಇಟ್ಟೇನಿ. ಮರಿಯಮಬಿಗೆ ಹೇಳೇನಿ. ಅಕಿ ಯಾಕ ಅಂತ ಸೈತ ಕೇಳಲಿಲ್ಲ, ಯಾವಾಗ ಅಂತ ಕೇಳಿದ್ಲು.

ನಿನ್ನ ದೊಡ್ಡವ್ವ


ಹಿರೇಕೆರೂರ
9 ಏಪ್ರಿಲ್ 2025, ಬುಧವಾರ

ಮಾರ್ಥವ್ವ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ಫರ್ಜಾನಾ ನನಗ ಎರಡು ಸಲ ಓದಿ ಹೇಳಿದ್ಲು. ಈಗ ಬರಿಯಾಕ ಒಲ್ಲೆ ಅನ್ನಾಕತ್ತಾಳ, ಹಿರಿಯರಿಗೆ ಹಿಂಗ ಬರಿಬಾರದು ಅಂತ. ನಾ ಅಂದಂಗ ಬರಿ ಅಂದೇನಿ.

ನೀವು ಹನ್ನೊಂದು ತಿಂಗಳು ಬಿಟ್ಟುಬಿಟ್ರಿ, ನಾ ಆ ಖಾಲಿ ಜಾಗಾದಾಗ ನಾಲ್ಕು ವರ್ಷ ಕಳದೇನಿ. ನನ್ನ ಲಗ್ನದ ಹಿಂದಿನ ದಿನಾ ನೀವು ತಲಿ ಮ್ಯಾಲ ಕೈ ಇಟ್ಟು, ಏನ ಬಂದ್ರೂ ತಾಳ್ಕೊ ಮಗಳೇ ಅಂದ್ರಿ. ಆವತ್ತು ಒಂದು ಮಾತು ಹೇಳಿದ್ರ ಆಗ್ತಿತ್ತು, ತಾಳಾಕಾಗದಿದ್ರ ಸವಣೂರ ಬಸ್ ಐತಿ ಅಂತ. ಬ್ಯಾರೆ ಯಾರೂ ಅಲ್ಲ, ನೀವು. ದೊಡ್ಡಪ್ಪನ ಸೈಕಲ್ ಮ್ಯಾಲ ಕುಂತು ಬೆಳದಾಕಿ ನಾ. ಸುಭಾಸನೂ ಒಂದಿನ ಅವರಂಗ ಆಗ್ತಾನ ಅಂತ ಕಾದು ಕಾದು ಕುಂತೇನಿ.

ಬಾ ಅಂತ ಬರದೀರಿ. ನಾ ಕದ್ದು ಬಂದು ಸವಣೂರಾಗ ಎಲಿ ಕಟ್ಟಿಕೋತ ಕುಂದರ್ತೇನಿ. ನೀವು ಮತ್ತ ಬಿಳೇ ಸೀರಿ ಉಟ್ಟು ಮೊದಲನೇ ಮಾತು ಹೇಳಾಕ ನಿಂದರ್ತೀರಿ, ಕಿರೀಟವುಂಟು ಅಂತೀರಿ, ನನ್ನಂಥಾಕಿ ಇನ್ನೊಬ್ಬಾಕಿ ಅದನ್ನ ಕೇಳಿ ಲೆಕ್ಕಾ ಹಿಡಿತಾಳ. ನನಗ ಒಬ್ಬಾಕಿಗೆ ಕಾಗದದಾಗ ಖರೆ ಹೇಳೂದು ಸಸಾರ. ಸುಳ್ಳು ಸಭೆಯೊಳಗ ಹೇಳೀರಿ, ಖರೇನೂ ಸಭೆಯೊಳಗ ಹೇಳ್ರಿ. ಹೇಳಿದ ಮ್ಯಾಲ ನಾ ಬರ್ತೇನಿ. ಇಲ್ಲಂದ್ರ ನಿಮ್ಮ ನೋಟು ಫರ್ಜಾನಾನ ಕಡೆ ಹಂಗ ಇರತಾವ.

ಸವಿತಾ

(ನಮಸ್ಕಾರ ಅಮ್ಮಾರ. ನಾ ಫರ್ಜಾನಾ. ಬರದು ಮುಗಿಸಿದ ಮ್ಯಾಲ ಅಕಿ ಭಾಳ ಅತ್ಲು. ಸಿಟ್ಟು ಮಾಡ್ಕೋಬ್ಯಾಡ್ರಿ. ನಮ್ಮವ್ವ ರಹಿಮಾಬಿ ದಿನಾ ಅಕಿ ಮನಿ ಮುಂದ ಎರಡು ಸಲ ಹಾದು ಬರ್ತಾಳ.)


ಶಿಗ್ಗಾಂವ
18 ಏಪ್ರಿಲ್ 2025, ಶುಭ ಶುಕ್ರವಾರ, ಸಂಜಿ

ಸವಿತಾ,

ಸಭೆಯಿಂದ ಬಂದು ಸೀರಿ ಬದಲಿಸಲಾರದ ಬರಿಯಾಕ ಕುಂತೇನಿ. ಈ ಒಂಬತ್ತು ದಿನ ನಾ ಹ್ಯಾಂಗ ಕಳದೇನಿ ಅಂತ ಹೇಳೂದಿಲ್ಲ. ಹೇಳಿದ್ರ ಮತ್ತ ನನ್ನ ಕಷ್ಟದ ಕಥಿ ಆಗತೈತಿ. ಎರಡು ಸಲ ಸಭಾಪಾಲಕರ ಮನಿ ತನಕಾ ಹೋಗೇನಿ, ಆರಾಮಿಲ್ಲ ಅಂತ ಹೇಳಿ ಮಾತು ತಪ್ಪಿಸಿಕೊಳ್ಳೋಣು ಅಂತ. ಇದನ್ನರ ಹೇಳಬೇಕು ನಿನಗ.

ಹನ್ನೆರಡಕ್ಕ ಸುರು ಆತು. ಮೊದಲನೇ ಮಾತು ನಂದು. ನಿಂತೆ. ಬಾಯಿ ತಗದೆ. ಏನು ಬಂತು ಗೊತ್ತೇನು? ಏಳು ವರ್ಷ ಏಟು ತಿಂದೆನು, ಬಾಯಿ ತೆರೆಯಲಿಲ್ಲ. ನಾಲಿಗಿ ತಾನ ಓಡಾಕತ್ತಿತ್ತು ಸವಿತಾ, ನಿಂದ್ರಿಸಾಕ ಬರವಲ್ದು. ಮೊದಲನೇ ಸಾಲಿನ್ಯಾಗ ಹೆಣ್ಮಕ್ಕಳು ಆಗಲೇ ಸೆರಗು ಕಣ್ಣಿಗೆ ಒಯ್ದಿದ್ರು. ಆವಾಗ ಹಾಡಿನ ಗುಂಪಿನ್ಯಾಗ ಮಂಜುಳಾ ಅಂತ ಒಬ್ಬಾಕಿ ಕುಂತದ್ದು ಕಂಡೆ. ಹೋದ ವರ್ಷ ದುಂಡಸಿಯಿಂದ ಲಗ್ನಾಗಿ ಬಂದಾಕಿ. ಅಂಥಾ ಧಗಿಯೊಳಗ ಮುಂಗೈ ತನಕಾ ತುಂಬುತೋಳಿನ ಕುಪ್ಪಸ. ಮಾರಿಯಿಂದ ಬೆವರು ಇಳಿಯಾಕತ್ತಿತ್ತು. ನನ್ನ ಮಾತು ಕೇಳಿಕೋತ ಹೂಂ ಹೂಂ ಅಂತ ಗೋಣು ಹಾಕಾಕತ್ತಿದ್ಲು.

ಬಾಯಿ ಮುಚ್ಚಿದೆ. ಆಮ್ಯಾಲ ಅಂದೆ, ಇದು ಸುಳ್ಳು. ನಾ ಬಿಟ್ಟು ಹೋಗಿದ್ದೆ.

ಎಲ್ಲಾ ಹೇಳಿದೆ. ಕೂಸಿನ ಸುದ್ದಿ, ಗಂಗಾಳ, ಹತ್ತೂವರಿ ಬಸ್, ಮರಿಯಮಬಿ ಮನಿ. ನನ್ನ ಸುಳ್ಳು ನಂಬಿ ನನ್ನ ಸಾಕುಮಗಳು ಕೈ ಮುರಸಿಕೊಂಡು ಕುಂತಾಳ ಅಂತಾನೂ ಹೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಕಡೀಕ ಅಂದೆ, ಯೇಸುಸ್ವಾಮಿ ಕ್ಷಮಿಸು ಅಂದದ್ದು ತನ್ನ ನೋವಿನ ಸಲುವಾಗಿ. ಬ್ಯಾರೆಯವರ ನೋವು ಹಿಡಕೊಂಡು ನೀ ತಾಳು ಅಂತ ಆತ ಯಾರಿಗೂ ಅನ್ನಲಿಲ್ಲ, ನಾ ಅಂದೇನಿ, ನನ್ನ ಕ್ಷಮಿಸ್ರಿ. ಕುಂತೆ.

ಸಭಾಪಾಲಕರು ಕೈಗಡಿಯಾರ ನೋಡಿಕೊಂಡು ಕೀರ್ತನೆ ಎತ್ತಿದ್ರು. ಉಳದ ಆರು ಮಾತು ನನಗ ಕೇಳಸಲಿಲ್ಲ. ಮೂರು ಗಂಟೆಕ್ಕ ಹೊರಗ ಬಂದ್ರ ಯಾರೂ ಕೈ ಕೊಡಲಿಲ್ಲ. ನಲವತ್ತು ವರ್ಷದ ಗೆಳತ್ಯಾರು ಚಪ್ಪಲಿ ಹುಡುಕಿಕೋತ ಮಾರಿ ತಿರುವಿದ್ರು. ನೀರು ಕುಡಿಯಾಕ ಗಡಿಗಿ ಕಡೆ ಹೋದೆ. ಮಂಜುಳಾ ಬಂದು ಲೋಟಾ ತುಂಬಿ ಕೊಟ್ಲು. ನನ್ನ ಮಾರಿ ನೋಡಲಿಲ್ಲ. ಸವಣೂರಾಗ ಆ ಮನಿ ಎಲ್ಲಿ ಬರತೈತ್ರೀ ಅಂದ್ಲು.

ಹೇಳೇನಿ ಸವಿತಾ. ಇನ್ನ ನೀ ಬಾ.

ದೊಡ್ಡವ್ವ


ಸವಣೂರ
24 ಏಪ್ರಿಲ್ 2025, ಗುರುವಾರ

ದೊಡ್ಡವ್ವ,

ಎಡಗೈಲೆ ಬರದೇನಿ. ಎರಡು ದಿನಾ ಹತ್ಯಾವ ಇಷ್ಟು ಬರಿಯಾಕ. ಅಕ್ಷರ ಒಂದನೇತ್ತಾದವರಂಗ ಬಂದಾವ, ಕೃಪಾ ತಿದ್ದಾಕತ್ತಾಳ.

ನಿನ್ನ ಕಾಗದ ಹಿರೇಕೆರೂರಿಗೆ ಹೋಗಿ, ಅಲ್ಲಿಂದ ಫರ್ಜಾನಾ ಇಲ್ಲಿಗೆ ಕಳಿಸ್ಯಾಳ. ನೀ ಹೇಳೋ ಹೊತ್ತಿಗೆ ನಾ ಇಲ್ಲೇ ಇದ್ದೆ. ನೀ ಹೇಳಿದ ಮ್ಯಾಲ ಬರ್ತೇನಿ ಅಂತ ಹಟಾ ಹಿಡದು ಬರಸಿದ್ದೆ ಖರೆ. ಕಾಯಾಕಾಗಲಿಲ್ಲ. ಶುಭ ಶುಕ್ರವಾರದ ಹಿಂದಿನ ದಿನಾ, ಗುರುವಾರ ಮುಂಜಾನೆ ಸುಭಾಸ ಹಾರ್ಮೋನಿಯಂ ಬಾರಿಸಾಕ ಕುಂತಿದ್ದ. ಕೃಪಾ ಹಾಡೋದು ತಪ್ಪಿದ್ಲು. ಅಂವ ಬಾರಿಸೋದು ನಿಂದ್ರಿಸಿ ಅಕಿ ಕಡೆ ನೋಡಿದಾ, ಅಷ್ಟ. ಅಕಿ ತಾನ ಹೋಗಿ ಮೊಣಕಾಲೂರಿ ಕುಂತ್ಲು. ಬೆನ್ನ ಬಗ್ಗಿಸಿ, ಕಣ್ಣು ಮುಚ್ಚಿ.

ಅಂವ ಪ್ರ್ಯಾಕ್ಟೀಸಿಗೆ ಅಂತ ಚರ್ಚಿಗೆ ಹೋದ ಮ್ಯಾಲ ನಾವು ಹೊಂಟೇವಿ. ರಹಿಮಾಬಿ ಹಾನಗಲ್ಲ ತನಕಾ ಬಂದ್ಲು. ಕಂಡಕ್ಟರ್, ಹೆಣ್ಮಕ್ಕಳಿಗೆ ಫ್ರೀ ಐತಲ್ಲವಾ, ಆಧಾರ್ ತೋರಸು ಅಂದ. ಟಿಕೆಟ್ ಕೊಡಪಾ ಅಂದೆ. ನಿನ್ನ ನೋಟು ಕೊಟ್ಟೆ.

ಅಂವ ಶನಿವಾರ ಇಲ್ಲಿ ಬಂದಿದ್ದ, ಹ್ಯಾಂಗ ಗೊತ್ತಾತೋ. ಬಾಬಾಜಾನ ಅಜ್ಜಾಗ ಈಗ ಕಣ್ಣು ಮಂಜು, ಖುರ್ಚಿ ಹಾಕಿಸಿಕೊಂಡು ತೋಟದ ಬಾಗಲದಾಗ ಕುಂತಿದ್ದ. ಆದಿತ್ಯವಾರಕ್ಕೊಮ್ಮೆ ಬಾ, ಚಾ ಕುಡಿ, ಏನೈತಿ ನಮ್ಮ ಮುಂದ ಹೇಳು ಅಂದ. ನಾ ಒಳಗಿಂದ ಹೊರಗ ಬಂದು, ನನಗ ಆದಿತ್ಯವಾರ ಬ್ಯಾಡ ಅಜ್ಜಾ ಅಂದೆ. ಅಂವ ತಿರುಗಿ ಹೋದ. ಸೋಮವಾರ ಪೊಲೀಸ್ ಸ್ಟೇಶನ್ನಿಗೆ ಹೋಗಿ ಬರದು ಕೊಟ್ಟು ಬಂದೇನಿ. ಇಲ್ಲಿ ದವಾಖಾನಿಯೊಳಗ ಕೈ ಹ್ಯಾಂಗ ಮುರೀತು ಅಂತ ಖರೇದ್ದ ಬರಸೇನಿ. ನಿನ್ನ ಏಳು ವರ್ಷದ ಲೆಕ್ಕಾ ಬಿಟ್ಟೇನಿ, ಹನ್ನೊಂದು ತಿಂಗಳ ಲೆಕ್ಕಾನೂ ಹಿಡಿಯೂದಿಲ್ಲ. ನಂದು ಎಷ್ಟು ದಿನದ್ದೋ ನನಗಿನ್ನೂ ಗೊತ್ತಿಲ್ಲ. ಹೆದರಿಕಿ ಹೋಗಿಲ್ಲ. ಬಸ್ಸಿನ ಸಪ್ಪಳಕ್ಕೊಮ್ಮೆ ಎದ್ದು ಬಾಗಲಕ್ಕ ಬರತೇನಿ.

ನೀ ಸಭೆಯೊಳಗ ಹೇಳಿದ್ದು ಮರಿಯಮಬಿ ಅಜ್ಜಿಗೆ ಓದಿ ಹೇಳಿದೆ. ಅಕಿ ಎಲಿ ಆರಿಸೋದು ಬಿಟ್ಟು, ಮೂವತ್ತಾರು ವರ್ಷ ತಡಾ ಮಾಡಿದ್ಲು ನಮ್ಮ ಮಾರ್ಥಾ ಅಂದ್ಲು.

ಕ್ಷಮಿಸ್ರಿ ಅಂತ ನೀ ಕೇಳೀದಿ. ಯೇಸುಸ್ವಾಮಿ ಅದನ್ನ ಶಿಲುಬಿ ಮ್ಯಾಲ ಇದ್ದಾಗಲೇ ಅಂದ, ಆತ ದೊಡ್ಡಾತ. ನಾ ಮೊದಲು ಕೆಳಗ ಇಳೀತೇನಿ. ಇಳದ ಮ್ಯಾಲ ನೋಡ್ತೇನಿ. ಅಲ್ಲಿ ತನಕಾ ನೀ ದೂರ ಕುಂದ್ರಬ್ಯಾಡ. ಶನಿವಾರ ಪ್ಲಾಸ್ಟರ್ ತಗೀತಾರ, ಬಾ. ನನ್ನ ಕೈಲೆ ಕೃಪಾಗ ಹೆಳಲು ಹಾಕಾಕ ಬರವಲ್ದು, ಅಜ್ಜಿ ಎಣ್ಣಿ ಸುರದು ಸುರದು ಅಕಿ ತಲಿ ಜಿಡ್ಡಾಗೈತಿ. ಮಂಜುಳಾನೂ ಬರ್ತೇನಿ ಅಂದ್ರ ಕರಕೊಂಡು ಬಾ. ಇಲ್ಲಿ ಇನ್ನೊಂದು ಹಾಸಿಗಿ ಐತಿ.

ಇದನ್ನ ಬರಿಯೋವಾಗ ಕೃಪಾ ಗೊಂಬಿ ತಗೊಂಡು ಬಂದ್ಲು. ಅವ್ವಾ, ಇದು ಅಳಾಕತ್ತೈತಿ, ಏನನ್ಲಿ ಅಂತ ಕೇಳಿದ್ಲು. ತಾಳ್ಕೋ ಅನ್ನು ಅಂತ ನನ್ನ ಬಾಯಿಗೇ ಬಂದಿತ್ತು, ದೊಡ್ಡವ್ವ. ನುಂಗಿಕೊಂಡೆ. ಯಾಕ ಅಳಾಕತ್ತಿ ಅಂತ ಕೇಳು ಅಂದೆ. ಅಕಿ ಗೊಂಬಿನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು ಕೇಳಾಕತ್ತಾಳ.

ನಿನ್ನ ಸವಿತಾ